ಮೊದಲು ಅರ್ಜಿ ಬರೆಸಿ, ವಿಧಿ ನಂಬರ್ ಆಮೇಲೆ: ಹೈಸ್ಕೂಲ್ ಮಕ್ಕಳಿಗೆ ಕಾನೂನು ಕಲಿಸೋದು ಹೇಗೆ

ಎಂಟು ಒಂಬತ್ತನೇ ಕ್ಲಾಸಿಗೆ ಸಿವಿಕ್ಸ್ ತಗೊಳ್ಳೋ ಮೇಷ್ಟ್ರು, ಮೇಡಂಗಳಿಗೆ ಇದನ್ನ ಬರೀತಾ ಇದೀನಿ. ನಾನೂ ಸಮಾಜ ವಿಜ್ಞಾನನೇ ಪಾಠ ಮಾಡೋದು. ಮೂಲಭೂತ ಹಕ್ಕು ಆರು, ವಿಧಿ 14, 19, 21 ಅಂತ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸಿದ್ರೆ ಮಕ್ಕಳು ಪರೀಕ್ಷೇಲಿ ಹಾಗೇ ಬರೀತಾರೆ, ಮಾರ್ಕ್ಸೂ ಬರತ್ತೆ, ಆದ್ರೆ ಅದೇ ಮಗು ಅಮ್ಮನ ಜೊತೆ ನಾಡಕಚೇರಿಗೆ ಆದಾಯ ಸರ್ಟಿಫಿಕೇಟಿಗೆ ಹೋಗಿ ನಿಂತ್ಕೊಂಡಾಗ ಯಾರನ್ನ ಏನು ಕೇಳ್ಬೇಕು, ಎಷ್ಟು ದಿನದಲ್ಲಿ ಕೊಡ್ಲೇಬೇಕು ಅನ್ನೋದು ಗೊತ್ತಿರಲ್ಲ. ಸಕಾಲ ಕಾಯ್ದೆ 2011ರಲ್ಲೇ ಆಗಿದೆ, ಒಂದೊಂದು ಸೇವೆಗೂ ಗಡುವು ಇದೆ. ಅರ್ಜಿ ಕೊಟ್ಟಾಗ ಸಿಗೋ ಸ್ವೀಕೃತಿ ನಂಬರ್ ಜೋಪಾನ ಮಾಡ್ಕೋಬೇಕು ಅನ್ನೋದು ಎಷ್ಟೋ ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ.

ಮೊದಲ್ನೇ ಪೀರಿಯಡ್‌ನಲ್ಲಿ ಪುಸ್ತಕ ತೆಗೀಬೇಡಿ. ಮನೆಯಿಂದ ಒಂದೊಂದು ಕಾಗದ ತರೋಕೆ ಹೇಳಿ, ಕರೆಂಟ್ ಬಿಲ್, ಪಹಣಿ ಜೆರಾಕ್ಸ್, ಬಿಸ್ಕೆಟ್ ಪೊಟ್ಟಣ, ಹೆಣ್ಣುಮಕ್ಕಳ ಫ್ರೀ ಬಸ್ಸಿನ ಝೀರೋ ಟಿಕೆಟ್, ಏನಾದ್ರೂ ಸರಿ. ಆಧಾರ್, ಜಾತಿ ಸರ್ಟಿಫಿಕೇಟ್ ಮಾತ್ರ ಬೇಡ ಅಂತ ಮೊದಲೇ ಹೇಳ್ಬಿಡಿ, ಕ್ಲಾಸಲ್ಲಿ ಯಾರ ಜಾತೀನೂ ಬಯಲಿಗೆ ಬರಬಾರದು. ಆಮೇಲೆ ಇದನ್ನ ಯಾರು ಕೊಟ್ರು, ಇದ್ರಲ್ಲಿ ತಪ್ಪಾದ್ರೆ ಯಾರ ಹತ್ರ ಹೋಗ್ಬೇಕು ಅಂತ ಎರಡೇ ಪ್ರಶ್ನೆ ಕೇಳಿ. ಪೊಟ್ಟಣದ ಮೇಲೆ ಎಂಆರ್‌ಪಿ ಇಷ್ಟು ಅಂತ ಇದ್ರೂ ಅಂಗಡಿಯವ್ರು ಜಾಸ್ತಿ ತಗೊಂಡ್ರು ಅಂತ ಒಬ್ಬ ಬಾಯಿ ಬಿಟ್ರೆ ಸಾಕು, ಆ ಪೀರಿಯಡ್ ತಾನಾಗೇ ಓಡತ್ತೆ. ಗ್ರಾಹಕರ ಸಹಾಯವಾಣಿ 1915 ಅನ್ನೋದನ್ನ ಆಗ ಹೇಳಿ, ಮರೆಯಲ್ಲ.

ಎರಡನೇದು ಕೋರ್ಟ್ ಆಟ. ಇದಕ್ಕೆ ಮೂರು ಪೀರಿಯಡ್ ಆದ್ರೂ ಎತ್ತಿಡಿ, ನನ್ನ ಪ್ರಕಾರ ಇಡೀ ವರ್ಷದಲ್ಲಿ ಮಕ್ಕಳು ಅತೀ ಹೆಚ್ಚು ಕಲಿಯೋದು ಇಲ್ಲೇ. ಕಳ್ಳತನ, ಕೊಲೆ ಕೇಸ್ ಕೊಟ್ರೆ ಸಿನಿಮಾ ಡೈಲಾಗ್ ಶುರುವಾಗತ್ತೆ, ಅದಕ್ಕೇ ಮಕ್ಕಳದ್ದೇ ಒಂದು ನಿಜವಾದ ಕೇಸ್ ಕೊಡಿ. 1985ರಲ್ಲಿ ಕೇರಳದ ಒಂದು ಸ್ಕೂಲಲ್ಲಿ ಮೂರು ಜನ ಅಣ್ಣ ತಂಗಿಯರು ರಾಷ್ಟ್ರಗೀತೆ ಹಾಡ್ತಾ ಇರ್ಲಿಲ್ಲ, ಅವರ ಧರ್ಮದಲ್ಲಿ ತಮ್ಮ ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವ ಆಚರಣೇಲೂ ಸೇರೋ ಹಾಗಿಲ್ಲ ಅಂತ, ಆದ್ರೆ ಎಲ್ಲರ ಜೊತೆ ಎದ್ದು ಗೌರವದಿಂದ ನಿಂತ್ಕೋತಿದ್ರು. ಸ್ಕೂಲಿಂದ ತೆಗೆದು ಹಾಕಿದ್ರು, ಹೈಕೋರ್ಟಲ್ಲಿ ಸೋತ್ರು, ಸುಪ್ರೀಂ ಕೋರ್ಟಿಗೆ ಹೋಯ್ತು. ಇಲ್ಲಿಗೆ ನಿಲ್ಸಿ. ತೀರ್ಪು ಹೇಳ್ಬೇಡಿ.

ಕ್ಲಾಸನ್ನ ಮೂರು ಗುಂಪು ಮಾಡಿ, ಮಕ್ಕಳ ಕಡೆ ವಕೀಲರು, ಸ್ಕೂಲ್ ಕಡೆ ವಕೀಲರು, ಜಡ್ಜುಗಳು. ಹಾಡಲೇಬೇಕು ಅಂತ ಜೋರಾಗಿ ಕೂಗೋ ಹುಡುಗರನ್ನ ಬೇಕಂತಲೇ ಮಕ್ಕಳ ಕಡೆ ಹಾಕಿ, ತನಗೆ ಒಪ್ಪಿಗೆ ಇಲ್ಲದ ಮಾತನ್ನ ಸರಿಯಾಗಿ ವಾದ ಮಾಡೋಕೆ ಕಲಿಯೋದೇ ಇಲ್ಲಿನ ದೊಡ್ಡ ಪಾಠ. ಮಾತಿನ ಸ್ವಾತಂತ್ರ್ಯದ ವಿಧಿ 19 ಮತ್ತು ಧರ್ಮದ ಸ್ವಾತಂತ್ರ್ಯದ ವಿಧಿ 25ನ್ನ ಒಂದು ಹಾಳೇಲಿ ಬರೆದು ಎಲ್ಲಾ ಗುಂಪಿಗೂ ಕೊಡಿ. ಜಡ್ಜುಗಳು ಗೆದ್ದೋರು ಯಾರು ಅಂತ ಹೇಳಿದ್ರೆ ಸಾಲದು, ಯಾಕೆ ಅಂತ ನಾಲ್ಕು ಸಾಲು ಬರೀಲೇಬೇಕು. ಆಮೇಲೆ ಹೇಳಿ: 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪು ಕೊಡ್ತು, ಹಾಡಲೇಬೇಕು ಅಂತ ಯಾವ ಕಾನೂನೂ ಹೇಳಲ್ಲ, ಗೌರವದಿಂದ ನಿಂತಿದ್ರು, ಅವರನ್ನ ವಾಪಸ್ ಸೇರಿಸ್ಕೊಳ್ಳಿ ಅಂತು. ನಮ್ಮ ಕ್ಲಾಸ್ ಜಡ್ಜುಗಳು ಬೇರೆ ತೀರ್ಪು ಕೊಟ್ಟಿದ್ರೂ ಪರವಾಗಿಲ್ಲ, ಕಾರಣ ಬರೆದಿದಾರಲ್ಲ.

ಮಕ್ಕಳ ಮೈಗೆ ತಾಗೋ ಕಾನೂನುಗಳನ್ನ ಮಾತ್ರ ಬಿಡ್ಬೇಡಿ. ಲೈಸೆನ್ಸ್ ಇಲ್ಲದ ಹುಡುಗ ಬೈಕ್ ಓಡ್ಸಿ ಸಿಕ್ಕಿಬಿದ್ರೆ 2019ರ ತಿದ್ದುಪಡಿ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲೂ ಆಗ್ಬಹುದು. ಹುಡುಗೀಗೆ 18, ಹುಡುಗನಿಗೆ 21 ಆಗೋ ಮುಂಚೆ ಮದುವೆ ಮಾಡಿದ್ರೆ ನಮ್ಮ ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದ ಆ ಮದುವೆಗೆ ಕಾನೂನಲ್ಲಿ ಬೆಲೇನೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ ಸೆಕ್ಷನ್ 17 ಪ್ರಕಾರ ಮೇಷ್ಟ್ರು ಹೊಡೆಯೋ ಹಾಗಿಲ್ಲ, ಮನಸ್ಸಿಗೆ ನೋವಾಗೋ ಹಾಗೆ ಹಿಂಸೆ ಕೊಡೋ ಹಾಗೂ ಇಲ್ಲ. ಇದನ್ನ ಹೇಳೋಕೆ ಸ್ಟಾಫ್ ರೂಮಲ್ಲಿ ಹಿಂಜರಿಕೆ ಇರತ್ತೆ, ಆದ್ರೆ ನಮಗೆ ಅನ್ವಯ ಆಗೋ ಕಾನೂನನ್ನ ಮುಚ್ಚಿಟ್ಟು ಬೇರೆಯವರ ಕಾನೂನು ಪಾಠ ಮಾಡಿದ್ರೆ ಮಕ್ಕಳು ನಂಬಲ್ಲ. ಇನ್ನೊಂದು, ಹಳೇ ಗೈಡಲ್ಲಿ ಐಪಿಸಿ, ಅಂದ್ರೆ ಭಾರತೀಯ ದಂಡ ಸಂಹಿತೆ ಸೆಕ್ಷನ್‌ಗಳೇ ಇರತ್ತೆ, 2024ರ ಜುಲೈ 1ರಿಂದ ಅದರ ಬದ್ಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ನಂಬರ್ ಎಲ್ಲ ಬದಲಾಗಿದೆ, ನೋಡ್ಕೊಂಡು ಹೇಳಿ.

ಈಗ ಅರ್ಜಿ. ಗ್ರಾಮ ಪಂಚಾಯ್ತಿಯವ್ರು ಮಕ್ಕಳ ಗ್ರಾಮಸಭೆ ಮಾಡ್ತಾರೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸು. ಅದಕ್ಕೆ ಒಂದು ತಿಂಗಳು ಮುಂಚೇನೇ ತಯಾರಿ ಮಾಡ್ಸಿ. ಇವರಿಗೆ, ಇಂದ, ವಿಷಯ, ದಿನಾಂಕ, ಸಹಿ, ಎರಡು ಪ್ರತಿ, ಒಂದ್ರ ಮೇಲೆ ಸೀಲು ಹಾಕಿಸ್ಕೊಂಡು ವಾಪಸ್ ತರೋದು, ಇಷ್ಟೂ ಮಕ್ಕಳೇ ಮಾಡ್ಬೇಕು, ನೀವು ಡಿಕ್ಟೇಟ್ ಮಾಡ್ಬೇಡಿ. ನಮ್ಮ ಮಕ್ಕಳು ಒಂದು ಸಲ ಬಸ್ ಸ್ಟಾಪ್ ದಾರೀಲಿ ಲೈಟ್ ಇಲ್ಲ, ಹಾಕ್ಸಿ ಅಂತ ಬರೆದಿದ್ರು, ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಯಾವ ಕಂಬ ಅಂತ ಕೇಳಿದ್ರು, ಮಕ್ಕಳ ಹತ್ರ ಉತ್ತರ ಇಲ್ಲ. ಸಂಜೆ ಹೋಗಿ ಕಂಬದ ಮೇಲೆ ಬರೆದಿರೋ ನಂಬರ್ ಎಲ್ಲ ಬರ್ಕೊಂಡು, ಯಾವಾಗಿಂದ ಉರೀತಿಲ್ಲ, ಟ್ಯೂಷನ್ ಮುಗಿಸಿ ಆ ದಾರೀಲಿ ಎಷ್ಟು ಹುಡುಗೀರು ಬರ್ತಾರೆ ಅಂತ ಲೆಕ್ಕ ಹಾಕಿ ಮತ್ತೆ ಬರೆದ್ರು. ಐದು ಕಂಬದಲ್ಲಿ ಎರಡಕ್ಕೆ ಲೈಟ್ ಬಂತು. ಇನ್ನು ಮೂರು ಏನಾಯ್ತು ಅಂತ ಕೇಳೋಕೆ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಬರೆಸ್ಬಹುದು, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡ್ಬೇಕು. ಯಾಕೆ ಹಾಕಿಲ್ಲ ಅಂತ ಕೇಳೋ ಬದ್ಲು ಅರ್ಜಿ ಮೇಲೆ ಏನು ಕ್ರಮ ಆಗಿದೆ, ಆ ದಾಖಲೆಯ ನಕಲು ಕೊಡಿ ಅಂತ ಕೇಳೋದನ್ನ ಕಲಿಸಿ, ಆರ್‌ಟಿಐಲಿ ಸಿಗೋದು ದಾಖಲೆ.

ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆದು ವಕೀಲರನ್ನ ಕಳಿಸಿ ಅಂತ ಕೇಳಿ. ಅವರು ಬರೋ ಮುಂಚೆ ಮಕ್ಕಳ ಪ್ರಶ್ನೆಗಳನ್ನ ಹೆಸರಿಲ್ಲದ ಚೀಟೀಲಿ ಬರೆಸಿ ಇಟ್ಕೊಳ್ಳಿ, ಇಲ್ಲದಿದ್ರೆ ಒಂದು ಗಂಟೆ ಭಾಷಣ ಆಗಿ ಮುಗಿಯತ್ತೆ.

ಚೀಟಿ ಓದುವಾಗ ಹುಷಾರು. ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಪೋಕ್ಸೋ ಕಾಯ್ದೆ ಬಗ್ಗೆ ಪಾಠ ಆದ್ಮೇಲೆ ಯಾರೋ ಒಂದು ಮಗು ತನಗಾಗಿದ್ದನ್ನ ಹೇಳ್ಬಹುದು. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಯಾಕಂದ್ರೆ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸೋದು ಆ ಕಾಯ್ದೆ ಪ್ರಕಾರ ನಮ್ಮ ಕರ್ತವ್ಯ, ತಿಳಿಸದಿದ್ರೆ ನಮಗೇ ಶಿಕ್ಷೆ. ಮತ್ತೆ ಮತ್ತೆ ಕೆದಕಿ ಕೇಳ್ಬೇಡಿ, ಸಮಾಧಾನವಾಗಿ ಕೇಳ್ಕೊಳ್ಳಿ, ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ, ಮಗುವಿನ ಹೆಸರು ಸ್ಟಾಫ್ ರೂಮಿಗೂ ಗೊತ್ತಾಗೋದು ಬೇಡ.

ಟೆಸ್ಟ್ ಕೊಡುವಾಗ ಆರು ಹಕ್ಕುಗಳನ್ನ ಬರೆಯಿರಿ ಅಂತ ಒಂದು ಪ್ರಶ್ನೆ ಇರ್ಲಿ, ಮಾರ್ಕ್ಸಿಗೆ ಬೇಕಲ್ಲ. ಜೊತೆಗೆ ಇಂಥದ್ದು ಒಂದು ಹಾಕಿ: ನಿಮ್ಮ ಪಕ್ಕದ ಮನೆಯ 12 ವರ್ಷದ ಹುಡುಗ ಎರಡು ತಿಂಗಳಿಂದ ಸ್ಕೂಲ್ ಬಿಟ್ಟು ಗ್ಯಾರೇಜ್‌ನಲ್ಲಿ ಕೆಲಸ ಮಾಡ್ತಿದಾನೆ, ನೀವು ಯಾರಿಗೆ ತಿಳಿಸ್ತೀರಿ, ಅರ್ಜೀಲಿ ಏನು ಬರೀತೀರಿ?