ಬ್ಯಾಗಲ್ಲಿ ಅಯಸ್ಕಾಂತ, ಬಾಯಲ್ಲಿ ನಿಜ

ಕಾರವಾರದ ನಮ್ಮ ಮನೆಯ ಅಂಗಳದಿಂದ ಸಮುದ್ರ ಕಾಣುತ್ತದೆ. ನೋಡುವುದಕ್ಕೆ ಚಂದ, ಕಾರಿಗೆ ಕಷ್ಟ. ಉಪ್ಪು ಗಾಳಿ ತಗಡನ್ನು ಸುಮ್ನೆ ಬಿಡುವುದಿಲ್ಲ. ನನ್ನ 2013ರ ವ್ಯಾಗನ್ ಆರ್ ಏಳೆಂಟು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ ಬಣ್ಣ ಗುಳ್ಳೆ ಎದ್ದಿತು.

ಮೊದಲ ಗ್ಯಾರೇಜಿನವರು ಎರಡೇ ದಿನದಲ್ಲಿ ಫಳಫಳ ಮಾಡಿ ಕೊಟ್ಟರು. ಮೂರೂವರೆ ಸಾವಿರ. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಬೆರಳಲ್ಲಿ ಒತ್ತಿದೆ, ತಗ್ಗು ತುಂಬಲು ಬಣ್ಣದಡಿ ಮೆತ್ತುವ ಪುಟ್ಟಿ ಚೂರುಚೂರಾಗಿ ಕೈಗೆ ಬಂತು. ತುಕ್ಕು ಕೆರೆಯದೆ ಮೇಲಿಂದ ಮೆತ್ತಿ ಬಣ್ಣ ಹೊಡೆದಿದ್ದರು. ಸಿಟ್ಟು ಬಂತು. ಆದರೆ ಕಾರು ಬಿಡುವಾಗ ನಾನು ಹೇಳಿದ್ದೇನು? "ಕಮ್ಮಿಯಲ್ಲಿ ಮುಗಿಸಿ, ನೋಡ್ಲಿಕ್ಕೆ ಚೆನ್ನಾಗಿದ್ರೆ ಸಾಕು." ಅವರು ಅಷ್ಟೇ ಮಾಡಿದ್ದರು. ತುಕ್ಕು ಒಳಗೇ ಇದೆ ಅಂತ ಹೇಳದೇ ಇದ್ದದ್ದು ಮಾತ್ರ ಅವರ ತಪ್ಪು.

ಎರಡನೇ ಸಲ ಅಂಕೋಲೆ ಕಡೆಯ ಒಬ್ಬ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಹಿಂದಿನ ಕತೆಯನ್ನೆಲ್ಲ ಮೊದಲೇ ಹೇಳಿದೆ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವೂ ಬ್ಯಾಗಲ್ಲಿತ್ತು. ತಗಡಿಗೆ ಅದು ಅಂಟುತ್ತದೆ, ಪುಟ್ಟಿ ದಪ್ಪ ಇದ್ದಲ್ಲಿ ಜಾರಿ ಬೀಳುತ್ತದೆ. (ಪ್ಲಾಸ್ಟಿಕ್ ಬಂಪರಿಗೆ ಹಿಡಿದು ಗಾಬರಿಯಾಗಬೇಡಿ, ನಾನು ಆಗಿದ್ದೆ.) ನಾನು ಟೀಚರ್ ಅಂತ ಗೊತ್ತಿದ್ದ ಮೇಸ್ತ್ರಿ ನಕ್ಕರು. "ಅಕ್ಕೋರೇ, ಮಕ್ಕಳಿಗೂ ಹೀಗೇ ಪರೀಕ್ಷೆ ಮಾಡ್ತೀರಾ?"

ಆಮೇಲೆ ಬಾಗಿಲ ಕೆಳ ಅಂಚು ತೋರಿಸಿದರು. ಅಲ್ಲಿ ಸಣ್ಣ ತೂತುಗಳಿರುತ್ತವೆ, ಗಾಜಿನ ಸಂದಿಯಿಂದ ಇಳಿದ ನೀರು ಹೊರಗೆ ಹೋಗಲಿಕ್ಕೆ. ನನ್ನ ಕಾರಿನಲ್ಲಿ ಅವು ಮಣ್ಣು, ಕಸ ತುಂಬಿ ಮುಚ್ಚಿಹೋಗಿದ್ದವು. ನೀರು ಒಳಗೇ ನಿಂತು ತಗಡನ್ನು ಒಳಗಿಂದ ತಿಂದಿತ್ತು. ಹೊರಗೆ ಎಷ್ಟು ಬಳಿದರೂ ನಿಲ್ಲದ್ದು ಅದಕ್ಕೇ. ಈಗ ಮಳೆಗಾಲಕ್ಕೆ ಮೊದಲು ಹಿಡಿಕಡ್ಡಿಯಲ್ಲಿ ನಾನೇ ಚುಚ್ಚಿ ಬಿಡಿಸುತ್ತೇನೆ.

ಕೂಲಿ, ತಗಡು, ಬಣ್ಣ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಂಡೆ. ಒಟ್ಟು 6,800. ಚೀಟಿಯಲ್ಲಿ ಇಲ್ಲದ ಕೆಲಸ ಬಂದರೆ ಮೊದಲು ಫೋನ್ ಮಾಡಿ ಅಂದೆ. ಬಣ್ಣಕ್ಕೆ ಮುಂಚೆ ಒಮ್ಮೆ ಬಂದು ನೋಡುತ್ತೇನೆ ಎಂದೂ ಹೇಳಿದೆ. ಇದೇ ಮುಖ್ಯ. ಬಣ್ಣ ಬಿದ್ದ ಮೇಲೆ ಎಲ್ಲ ಬಾಗಿಲೂ ಒಂದೇ ತರ ಕಾಣುತ್ತದೆ, ಅಲ್ವಾ? ನಾನು ಹೋದಾಗ ತುಕ್ಕಿನ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿ ಪ್ರೈಮರ್ ಹೊಡೆದಿದ್ದರು. ಪುಟ್ಟಿ ಇವರೂ ಹಾಕಿದರು, ತೆಳ್ಳಗೆ, ಮಟ್ಟ ಮಾಡುವಷ್ಟು. ಅದು ತಪ್ಪಲ್ಲ. ಕತ್ತರಿಸಿದ ಹಳೇ ತಗಡನ್ನು ಪೇಪರಲ್ಲಿ ಸುತ್ತಿ ಕೈಗಿತ್ತರು. ಜರಡಿಯ ಹಾಗಿತ್ತು.

ಮರುವರ್ಷ ಶಿರಸಿಯಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲಿಗೆ ಬಂಪರ್ ಒಡೆಯಿತು. ಅದೇ ಮೇಸ್ತ್ರಿ ಹೇಳಿದರು: "ಇನ್ಶೂರೆನ್ಸ್ ಹಾಕುವ. ಹಿಂದಿನ ಬಾಗಿಲ ಹಳೇ ಗೀರೂ ಇದರಲ್ಲೇ ಸೇರಿಸುವ." ಆ ಗೀರು ನಮ್ಮ ಗೇಟಿಗೆ ನಾನೇ ತಾಗಿಸಿದ್ದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಎಲ್ಲರೂ ಹಾಗೇ ಮಾಡುತ್ತಾರಂತೆ. ಬೇಡ ಅಂದೆ. ಅಯಸ್ಕಾಂತ ಹಿಡಿದು ಅವರನ್ನು ಪರೀಕ್ಷೆ ಮಾಡಿದವಳು ನಾನು. ಈಗ ಇನ್ಶೂರೆನ್ಸ್ ಪರವಾಗಿ ಹಾನಿ ನೋಡಲು ಬರುವ ಸರ್ವೇಯರ್ ಎದುರು ಸುಳ್ಳು ಹೇಳಲೇ?

ಬಂಪರ್ ಒಂದಕ್ಕೇ ಲೆಕ್ಕ ಹಾಕಿದೆವು. ರಿಪೇರಿಗೆ 2,200. ಕ್ಲೇಮ್ ಮಾಡಿದರೂ ಸಣ್ಣ ಕಾರಿಗೆ ಮೊದಲ 1,000 ಹೇಗೂ ನಮ್ಮ ಕೈಯಿಂದಲೇ. ಮೂರು ವರ್ಷ ಕ್ಲೇಮ್ ಮಾಡದೆ ಬಂದ 35 ಪರ್ಸೆಂಟ್ ಬೋನಸ್ಸೂ (ಸ್ವಂತ ಕಾರಿನ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ರಿಯಾಯಿತಿ) ಹೋಗುತ್ತದೆ. ಕ್ಲೇಮ್ ಬಿಟ್ಟು ಕೈಯಿಂದಲೇ ಕೊಟ್ಟೆ.

ಗೀರು ಈಗಲೂ ಬಾಗಿಲ ಮೇಲಿದೆ.