ಬೆಳಕಿನ ಚಿಕಿತ್ಸೆ ಮಾಡಿಸಿದ ಮೇಲೆ ಬೆಳಕಿನಿಂದ ಬಚಾವಾಗುವುದು ಹೇಗೆ?

ಕ್ಯಾನ್ಸರ್‌ಗೆ ಫೋಟೋಡೈನಾಮಿಕ್ ಥೆರಪಿ, ಅಂದರೆ ಪಿಡಿಟಿ, ಮಾಡೋಣ ಅಂತ ಡಾಕ್ಟರ್ ಹೇಳಿದ ಕೂಡಲೇ ಎಲ್ಲರೂ ಕೇಳುವುದು ಲೇಸರ್ ಬಗ್ಗೆ. ಸುಡುತ್ತಾ, ನೋವಾಗುತ್ತಾ, ಎಷ್ಟು ಹೊತ್ತು? ಲೇಸರ್ ಭಾಗವನ್ನು ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ, ಅದರ ಚಿಂತೆ ಬಿಡಿ. ಎಡವಟ್ಟಾಗುವುದು ಮನೆಯಲ್ಲಿ. ಕೆಲವರು ಸನ್‌ಸ್ಕ್ರೀನ್ ಬಳಿದುಕೊಂಡು ಧೈರ್ಯವಾಗಿ ಹೊರಗೆ ಹೋಗಿ ಮುಖ ಊದಿಸಿಕೊಂಡು ಬರುತ್ತಾರೆ. ಇನ್ನು ಕೆಲವರು ಹೆದರಿ ಕಿಟಕಿ ಬಾಗಿಲು ಮುಚ್ಚಿ ತಿಂಗಳುಗಟ್ಟಲೆ ಕತ್ತಲಲ್ಲಿ ಕೂರುತ್ತಾರೆ. ಎರಡೂ ತಪ್ಪು. ಎರಡೂ ಥರದವರನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಒಳಗೆ ಏನು ನಡೆಯುತ್ತದೆ ಅಂತ ಮೊದಲು ಎರಡು ಮಾತು. ಬೆಳಕು ಬಿದ್ದಾಗ ಮಾತ್ರ ಕೆಲಸ ಮಾಡುವ ಒಂದು ಔಷಧಿಯನ್ನು ಮೈಗೆ ಸೇರಿಸುತ್ತಾರೆ. ಮೈಯ ಬಹುಪಾಲು ಭಾಗದಿಂದ ಅದು ಎರಡು ಮೂರು ದಿನದಲ್ಲಿ ಹೊರಟುಹೋಗುತ್ತದೆ, ಗಡ್ಡೆಯಲ್ಲಿ ಮಾತ್ರ ಜಾಸ್ತಿ ಹೊತ್ತು ಉಳಿಯುತ್ತದೆ. ಆಗ ಅಲ್ಲಿಗೆ ಕೆಂಪು ಬೆಳಕು ಬಿಟ್ಟರೆ, ಔಷಧಿ ಬೆಳಕನ್ನು ಹೀರಿ ಆ ಶಕ್ತಿಯನ್ನು ಅಲ್ಲಿನ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ಜೀವಕೋಶಗಳನ್ನು ಕೊಲ್ಲುತ್ತದೆ, ಗಡ್ಡೆಗೆ ರಕ್ತ ಕೊಡುವ ಸಣ್ಣ ನಾಳಗಳನ್ನೂ ಮುಚ್ಚಿಸುತ್ತದೆ. ಕೆಂಪು ಬೆಳಕು ಮೈಯೊಳಗೆ ಇಳಿಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್. ಹಾಗಾಗಿ ಚರ್ಮ, ಅನ್ನನಾಳ, ಶ್ವಾಸನಾಳದಂಥ, ಬೆಳಕು ಒಯ್ಯುವ ತೆಳ್ಳನೆಯ ಎಳೆ ತಲುಪುವ ಜಾಗಕ್ಕೆ ಇದು ಸರಿ. ಮೈಯೆಲ್ಲ ಹರಡಿದ ಕ್ಯಾನ್ಸರ್‌ಗೆ ಅಲ್ಲ.

ತೊಂದರೆ ಏನಪ್ಪಾ ಅಂದರೆ, ಔಷಧಿ ಚರ್ಮದಲ್ಲೂ ಉಳಿಯುತ್ತದೆ. ಬಿದ್ದ ಬೆಳಕು ಲೇಸರ್‌ನದೋ ಸೂರ್ಯನದೋ ಅಂತ ಚರ್ಮ ವಿಚಾರಿಸುವುದಿಲ್ಲ. ಜರ್ಮನಿಯ ವೈದ್ಯ ಫ್ರೆಡ್ರಿಕ್ ಮೇಯರ್-ಬೆಟ್ಸ್ 1912ರಲ್ಲಿ ಇಂಥದೇ ಬೆಳಕಿಗೆ ಕೆರಳುವ ವಸ್ತುವಾದ ಹೆಮಟೋಪೋರ್ಫಿರಿನ್ 200 ಮಿಲಿಗ್ರಾಂ ತನಗೆ ತಾನೇ ಚುಚ್ಚಿಕೊಂಡು ಬಿಸಿಲಿಗೆ ಹೋದ. ಮುಖ ಗುರುತೇ ಸಿಗದ ಹಾಗೆ ಊದಿತು. ಆ ಪ್ರಯೋಗವನ್ನು ನೀವು ಮತ್ತೆ ಮಾಡಬೇಕಿಲ್ಲ.

ಹಂತ 1: ಔಷಧಿಯ ಹೆಸರು ಬರೆಸಿಕೊಳ್ಳಿ

‘ಬೆಳಕಿನ ಔಷಧಿ’ ಅಂತ ಗೊತ್ತಿದ್ದರೆ ಸಾಲದು. ಪೋರ್ಫಿಮರ್ ಸೋಡಿಯಂ, ಅಂದರೆ ಫೋಟೋಫ್ರಿನ್ ಇಂಜೆಕ್ಷನ್ ಆದರೆ ಕನಿಷ್ಠ 30 ದಿನ ಎಚ್ಚರ ಬೇಕು, ಕೆಲವರಿಗೆ 90 ದಿನದ ತನಕವೂ ಎಳೆಯಬಹುದು. ಮೆದುಳಿನ ಗಡ್ಡೆಯ ಆಪರೇಷನ್‌ಗೆ ಮುಂಚೆ ಕುಡಿಸುವ 5-ಎಎಲ್‌ಎ ಆದರೆ ಒಂದೆರಡು ದಿನ ಸಾಕು. ಟೆಮೋಪೋರ್ಫಿನ್ ಆದರೆ ಲೆಕ್ಕವೇ ಬೇರೆ: ಮೊದಲ ದಿನ ಪರದೆ ಎಳೆದ ಮಬ್ಬು ಕೋಣೆಯಲ್ಲೇ ಇರಬೇಕು, ಆಮೇಲೆ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಬೆಳಕು ಹೆಚ್ಚಿಸಿಕೊಳ್ಳಬೇಕು. ಪಕ್ಕದ ಬೆಡ್ಡಿನವರು ಹೇಳಿದ ನಿಯಮ ನಿಮ್ಮದಲ್ಲ. ಈ ಲೇಖನ ಮುಖ್ಯವಾಗಿ ಫೋಟೋಫ್ರಿನ್ ತಗೊಂಡವರಿಗೆ.

ಮೈಯಲ್ಲಿ ಪೋರ್ಫಿರಿನ್ ಎಂಬ ವಸ್ತು ತಾನೇ ಸೇರಿಕೊಳ್ಳುವ ಪೋರ್ಫಿರಿಯಾ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ, ಅಂಥವರಿಗೆ ಈ ಔಷಧಿ ಕೊಡುವ ಹಾಗೇ ಇಲ್ಲ. ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಕೊಡಿ. ಟೆಟ್ರಾಸೈಕ್ಲಿನ್, ಸಲ್ಫಾ ಔಷಧಿಗಳು, ಬಿಪಿಗೆ ಕೊಡುವ ಥಯಾಜೈಡ್ ಮಾತ್ರೆಗಳು ತಾವೇ ಚರ್ಮವನ್ನು ಬೆಳಕಿಗೆ ಸೂಕ್ಷ್ಮ ಮಾಡುತ್ತವೆ.

ಹಂತ 2: ಇಂಜೆಕ್ಷನ್ ದಿನವೇ ಸಜ್ಜಾಗಿ ಹೋಗಿ

ಮೊದಲ ಎಡವಟ್ಟು ಇಲ್ಲೇ. ಎಚ್ಚರ ಶುರುವಾಗುವುದು ಲೇಸರ್ ಆದ ಮೇಲೆ ಅಂತ ಜನ ತಿಳಿದಿರುತ್ತಾರೆ. ಅಲ್ಲ, ಸೂಜಿ ಹೊರಗೆ ಬಂದ ಕ್ಷಣದಿಂದ. ಮೂರರಿಂದ ಐದು ನಿಮಿಷದ ಇಂಜೆಕ್ಷನ್ ಅಷ್ಟೇ, ಲೇಸರ್ ಬಿಡುವುದು 40ರಿಂದ 50 ಗಂಟೆ ಕಳೆದ ಮೇಲೆ. ನಡುವೆ ಮನೆಗೆ ಕಳಿಸಬಹುದು. ಆಗ ನಡು ಮಧ್ಯಾಹ್ನ ಅರ್ಧ ತೋಳಿನ ಅಂಗಿಯಲ್ಲಿ ಆಸ್ಪತ್ರೆ ಮೆಟ್ಟಿಲು ಇಳಿದರೆ ಕಥೆ ಮುಗಿಯಿತು. ಅಗಲ ಅಂಚಿನ ಟೋಪಿ, ಕೈಗವಸು, ಕಾಲುಚೀಲ, ಕತ್ತು ಮುಚ್ಚುವ ಬಟ್ಟೆ, ಕನ್ನಡಕ, ಎಲ್ಲವನ್ನೂ ಅವತ್ತೇ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಮನೆಯ ಪರದೆಗಳನ್ನೂ ಹಿಂದಿನ ದಿನವೇ ಹಾಕಿಸಿರಿ.

ಲೇಸರ್ ದಿನವನ್ನು ನಿಮ್ಮ ಅನುಕೂಲಕ್ಕೆ ಮುಂದೂಡಬೇಡಿ. ಆ ಗಂಟೆಗಳ ಲೆಕ್ಕ ಸುಮ್ನೆ ಇಟ್ಟದ್ದಲ್ಲ.

ಹಂತ 3: ಲೇಸರ್

ಮಲಗಿ. ಎಂಡೋಸ್ಕೋಪ್ ಮೂಲಕ ತೆಳ್ಳನೆಯ ಎಳೆ ಹಾಕಿ 630 ನ್ಯಾನೋಮೀಟರ್‌ನ ಕೆಂಪು ಬೆಳಕು ಬಿಡುತ್ತಾರೆ. ಇದು ಕಾಯಿಸಿ ಸುಡುವ ಲೇಸರ್ ಅಲ್ಲ. ಆಮೇಲೆ ಉಸಿರಾಟಕ್ಕೆ ಕಷ್ಟವಾದರೆ ಅಥವಾ ಎದೆನೋವು ಬಂದರೆ ಕಾಯದೆ ಫೋನ್ ಮಾಡಿ.

ಕೆಲವರಿಗೆ ಬೆಳಕನ್ನು ಬಳಸುವುದು ಕ್ಯಾನ್ಸರ್ ಹುಡುಕಲು ಮಾತ್ರ. ಮೂತ್ರಕೋಶದ ಪರೀಕ್ಷೆಯಲ್ಲಿ ಹೆಕ್ಸಾಮಿನೋಲೆವುಲಿನೇಟ್ ದ್ರವವನ್ನು ಒಳಗೆ ತುಂಬಿ ಒಂದು ಗಂಟೆ ಬಿಡುತ್ತಾರೆ. ನಿಮ್ಮ ಪಾಲಿನ ಕೆಲಸ ಒಂದೇ, ಆ ಒಂದು ಗಂಟೆ ಮೂತ್ರ ಹಿಡಿದುಕೊಳ್ಳುವುದು. ಆಮೇಲೆ ನೀಲಿ ಬೆಳಕು ಬಿಟ್ಟು ನೋಡಿದರೆ ಒಳಗೋಡೆಯೆಲ್ಲ ನೀಲಿಯಾಗಿ, ಗಡ್ಡೆ ಇದ್ದ ಜಾಗ ಮಾತ್ರ ಕೆಂಪಾಗಿ ಹೊಳೆಯುತ್ತದೆ. ಮಾಮೂಲಿ ಬಿಳಿ ಬೆಳಕಲ್ಲಿ ಕಣ್ಣಿಗೆ ಬೀಳದ ಚಪ್ಪಟೆ ಮಚ್ಚೆಗಳೂ ಹೀಗೆ ಸಿಕ್ಕಿಬೀಳುತ್ತವೆ. ಉರಿಯೂತ ಇದ್ದರೂ ಕೆಂಪು ಕಾಣಬಹುದು, ಓರೆಯಾಗಿ ನೋಡಿದರೂ ಕಾಣಬಹುದು. ಅದಕ್ಕೇ ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ, ಬಯಾಪ್ಸಿ, ಅಂದರೆ ತುಣುಕು ತೆಗೆದು ಪರೀಕ್ಷೆ, ಆಗಲೇಬೇಕು. ಮೆದುಳಿನ ಆಪರೇಷನ್‌ನಲ್ಲಿ ಈ ಕೆಂಪು ಹೊಳಪಿನ ಉಪಯೋಗ ಎಷ್ಟು ಅಂತ ಜರ್ಮನಿಯಲ್ಲಿ ನಡೆಸಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಗಡ್ಡೆ ಹೊಳೆಯುವ ಹಾಗೆ ಮಾಡುವ 5-ಎಎಲ್‌ಎ ಕೊಟ್ಟವರಲ್ಲಿ ಶೇ 65 ಜನರಿಗೆ, ಕಾಣುವಷ್ಟು ಗಡ್ಡೆಯನ್ನೆಲ್ಲ ತೆಗೆಯಲು ಆಯಿತು. ಬರೀ ಬಿಳಿ ಬೆಳಕಲ್ಲಿ ಆಪರೇಷನ್ ಆದವರಲ್ಲಿ ಅದು ಶೇ 36.

ಇದನ್ನೆಲ್ಲ ಓದಿ ಆನ್‌ಲೈನ್‌ನಲ್ಲಿ ‘ಬಾಯಿ ಕ್ಯಾನ್ಸರ್ ನೀವೇ ಪತ್ತೆ ಮಾಡಿ’ ಅಂತ ಮಾರುವ ನೀಲಿ ಟಾರ್ಚ್ ಕೊಳ್ಳಬೇಡಿ. ಬಾಯಲ್ಲಿ ಆರೋಗ್ಯವಾದ ಜಾಗ ಹಸಿರಾಗಿ ಹೊಳೆಯುತ್ತದೆ, ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ, ನಿಜ. ಆದರೆ ಹುಣ್ಣಾದ ಒಸಡೂ ಕಪ್ಪಾಗಿಯೇ ಕಾಣುತ್ತದೆ. ಡಾಕ್ಟರ್‌ಗಳೇ ಸರಿಯಾದ ಫಿಲ್ಟರ್ ಇಟ್ಟುಕೊಂಡು ತಿಣುಕಾಡುವ ಕೆಲಸ ಇದು. ಎರಡು ವಾರವಾದರೂ ಹುಣ್ಣು ವಾಸಿಯಾಗದಿದ್ದರೆ ಆ ದುಡ್ಡಲ್ಲಿ ಡಾಕ್ಟರ್ ಹತ್ತಿರ ಹೋಗಿ.

ಹಂತ 4: ಮನೆ

ಈಗ ಬಂತು ನೋಡಿ ಅಸಲಿ ವಿಷಯ.

ಸನ್‌ಸ್ಕ್ರೀನ್ ಕೆಲಸ ಮಾಡುವುದಿಲ್ಲ. ಎಸ್‌ಪಿಎಫ್ 50 ಇರಲಿ, 100 ಇರಲಿ. ಅದು ತಡೆಯುವುದು ಅಲ್ಟ್ರಾವಯಲೆಟ್ ಕಿರಣಗಳನ್ನು. ನಿಮ್ಮ ಚರ್ಮದಲ್ಲಿರುವ ಔಷಧಿ ಏಳುವುದು ಕಣ್ಣಿಗೆ ಕಾಣುವ ಬೆಳಕಿಗೆ, ಅದು ಕ್ರೀಮನ್ನು ದಾಟಿಕೊಂಡು ಆರಾಮಾಗಿ ಒಳಗೆ ಬರುತ್ತದೆ. ಕಿಟಕಿ ಗಾಜೂ ಅಷ್ಟೇ, ಕಾರಿನ ಗಾಜೂ ಅಷ್ಟೇ. ಮೋಡ ಕವಿದ ದಿನವೂ ನಂಬಬೇಡಿ. ನಿಮಗೆ ಪುಸ್ತಕ ಓದುವಷ್ಟು ಬೆಳಕು ಕಾಣುತ್ತಿದೆ ಅಲ್ವಾ, ಅದೇ ಬೆಳಕು ಚರ್ಮಕ್ಕೂ ಬೀಳುತ್ತಿದೆ.

ಹಾಗಾದರೆ ಏನು ತಡೆಯುತ್ತದೆ? ಬಟ್ಟೆ. ಅದೂ ಒತ್ತಾಗಿ ನೇಯ್ದದ್ದು. ಅಂಗಿಯನ್ನು ಎತ್ತಿ ಬಲ್ಬಿನ ಎದುರು ಹಿಡಿಯಿರಿ. ಎಳೆಗಳ ನಡುವೆ ಚುಕ್ಕಿ ಚುಕ್ಕಿಯಾಗಿ ಬೆಳಕು ಕಂಡರೆ ಅದು ಬೇಡ, ಪಕ್ಕಕ್ಕಿಡಿ. ಜನ ಮರೆಯುವ ಜಾಗಗಳು ಯಾವಾಗಲೂ ಅವೇ: ಮುಂಗೈ, ಕಿವಿಯ ತುದಿ, ಕತ್ತಿನ ಹಿಂಭಾಗ, ಚಪ್ಪಲಿ ಹಾಕಿದ ಪಾದ, ಕೂದಲು ತೆಳುವಾದ ನೆತ್ತಿ. ಕನ್ನಡಕದ ವಿಷಯದಲ್ಲಿ ಮಾಮೂಲಿ ಕೂಲಿಂಗ್ ಗ್ಲಾಸ್ ಸಾಲದು. ಅದು ಸಾಮಾನ್ಯವಾಗಿ ಶೇ 8ರಿಂದ 18ರಷ್ಟು ಬೆಳಕನ್ನು ಒಳಗೆ ಬಿಡುತ್ತದೆ, ನಿಮಗೆ ಬೇಕಾದದ್ದು ಶೇ 4ಕ್ಕಿಂತ ಕಡಿಮೆ ಬಿಡುವಂಥದ್ದು. ಅಷ್ಟು ಕಪ್ಪು ಗಾಜು ಹಾಕಿಕೊಂಡು ಗಾಡಿ ಓಡಿಸಬೇಡಿ. ಹೊರಗಿನ ಕೆಲಸವನ್ನು ಸೂರ್ಯ ಮುಳುಗಿದ ಮೇಲೆ ಇಟ್ಟುಕೊಳ್ಳಿ, ಬೇರೆಯವರು ಕರೆದುಕೊಂಡು ಹೋಗಲಿ.

ಇನ್ನು ಕತ್ತಲಲ್ಲಿ ಕೂರುವವರ ವಿಷಯ. ಫೋಟೋಫ್ರಿನ್ ತಗೊಂಡವರು ಕತ್ತಲಲ್ಲಿ ಕೂರಲೇಬಾರದು. ಬಣ್ಣದ ಬಟ್ಟೆ ಬಿಸಿಲಲ್ಲಿ ಮಾಸುವ ಹಾಗೆ ಚರ್ಮದ ಔಷಧಿಯೂ ಮನೆಯೊಳಗಿನ ಹದವಾದ ಬೆಳಕಿಗೆ ನಿಧಾನವಾಗಿ ಮಾಸುತ್ತದೆ. ಮೈಗೆ ನೋವಿಲ್ಲದೆ ಅದು ಕರಗುವ ದಾರಿ ಇದು. ತಿಂಗಳು ಪೂರ್ತಿ ಕತ್ತಲಲ್ಲಿ ಕೂತರೆ ಔಷಧಿ ಇದ್ದಲ್ಲೇ ಇರುತ್ತದೆ, 31ನೇ ದಿನ ಹೊರಗೆ ಕಾಲಿಟ್ಟಾಗ ಸುಡುತ್ತದೆ. ಮಾಮೂಲಿ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬು ಹಾಕಿಕೊಂಡು ಓಡಾಡಿ, ಟಿವಿ ನೋಡಿ, ಮುಖ ಕೈ ತೆರೆದೇ ಇರಲಿ. ಬಿಸಿಲು ಬೀಳುವ ಕಿಟಕಿಯಿಂದ ದೂರ ಕೂತರೆ ಆಯಿತು. ಮುಖದ ಹತ್ತಿರ ಉರಿಯುವ ಟೇಬಲ್ ಲ್ಯಾಂಪ್ ಬೇಡ, ಫ್ಲಡ್‌ಲೈಟ್ ಬೇಡ, ಚಾವಣಿಯ ಗಾಜಿನ ಕೆಳಗೆ ನಿಲ್ಲುವುದೂ ಬೇಡ. ಸಲೂನಿನಲ್ಲಿ ತಲೆಗೆ ಹೆಲ್ಮೆಟ್ ಥರ ಇಡುವ ಹೇರ್ ಡ್ರೈಯರ್ ಕೂಡ ಬೇಡ, ಅದರ ಬಿಸಿಗೂ ನೆತ್ತಿ ಸುಟ್ಟೀತು.

ಹಲ್ಲಿನ ಡಾಕ್ಟರ್ ಹತ್ತಿರ ಹೋದರೆ, ಕಣ್ಣು ಪರೀಕ್ಷೆಗೆ ಹೋದರೆ, ಬೇರೆ ಆಪರೇಷನ್ ಬಂದರೆ ಬಾಯಿಬಿಟ್ಟು ಹೇಳಿ. ಅವರ ದೀಪಗಳು ಸೂರ್ಯನಿಗಿಂತ ಕಡಿಮೆಯೇನಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲೂ ಕೆಂಪು ಬೆಳಕಿದೆ, ಒಂದೇ ಬೆರಳಲ್ಲಿ ತುಂಬ ಹೊತ್ತು ಬಿಡದೆ ಬದಲಾಯಿಸಲು ನರ್ಸ್‌ಗೆ ಹೇಳಿ.

ಚುರುಚುರು ಅಂದರೆ ಅದೇ ಮುನ್ಸೂಚನೆ. ಕೆಂಪಾಗುವ ತನಕ ಕಾಯದೆ ತಕ್ಷಣ ಒಳಗೆ ಬನ್ನಿ, ತಣ್ಣನೆ ಒದ್ದೆ ಬಟ್ಟೆ ಇಡಿ, ಡಾಕ್ಟರ್‌ಗೆ ತಿಳಿಸಿ.

ಹಂತ 5: ಬಿಸಿಲಿನ ಪರೀಕ್ಷೆ

30 ದಿನ ಆಯಿತು ಅಂತ ಕ್ಯಾಲೆಂಡರ್ ನೋಡಿ ಹೊರಗೆ ಹಾರಬೇಡಿ. ಮೊದಲು ಚರ್ಮದ ಒಂದು ಸಣ್ಣ ಜಾಗಕ್ಕೆ 10 ನಿಮಿಷ ಬಿಸಿಲು ತಾಗಿಸಿ. ಮುಖದ ಮೇಲೆ ಮಾತ್ರ ಈ ಪರೀಕ್ಷೆ ಬೇಡ, ಕಣ್ಣಿನ ಸುತ್ತ ಚರ್ಮ ಬಲು ಸೂಕ್ಷ್ಮ. ನನ್ನ ಆಯ್ಕೆ ಮುಂಗೈ: ಹಳೆಯ ಕೈಗವಸಿನಲ್ಲಿ ನಾಣ್ಯದಷ್ಟು ತೂತು ಮಾಡಿ ಹಾಕಿಕೊಂಡರೆ, ಬಿಸಿಲು ಬಿದ್ದ ಜಾಗಕ್ಕೂ ಬೀಳದ ಜಾಗಕ್ಕೂ ವ್ಯತ್ಯಾಸ ಎದ್ದು ಕಾಣುತ್ತದೆ. 24 ಗಂಟೆ ಕಾಯಿರಿ. ಸಂಜೆಗೆ ಏನೂ ಆಗಿಲ್ಲ ಅಂತ ಪಾಸು ಮಾಡಿಕೊಳ್ಳಬೇಡಿ, ಮರುದಿನವೂ ನೋಡಬೇಕು. ಕೆಂಪು, ಊತ, ಗುಳ್ಳೆ ಯಾವುದೂ ಇಲ್ಲದಿದ್ದರೆ ನಿಧಾನವಾಗಿ ಹೊರಗೆ ಓಡಾಟ ಶುರು ಮಾಡಿ. ಸ್ವಲ್ಪ ಕೆಂಪಾದರೂ ಮತ್ತೆ ಎರಡು ವಾರ ಟೋಪಿ ಕೈಗವಸು, ಆಮೇಲೆ ಮತ್ತೆ ಪರೀಕ್ಷೆ. ಪಾಸಾದ ಮೇಲೂ, ಬಿಸಿಲು ಜಾಸ್ತಿ ಇರುವ ಊರಿಗೆ ಹೋದರೆ ಅಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕು.

ಚರ್ಮಕ್ಕೆ ಕ್ರೀಮ್ ಹಚ್ಚಿ ಮಾಡುವ ಪಿಡಿಟಿಯವರಿಗೆ ಇಷ್ಟೆಲ್ಲ ಇಲ್ಲ. ಹಚ್ಚಿದ ಜಾಗವನ್ನು ಎರಡು ದಿನ ಮುಚ್ಚಿಟ್ಟರೆ ಸಾಕು. ಅವರ ಕಷ್ಟ ಬೇರೆ, ದೀಪ ಹಾಕಿದಾಗ ಆಗುವ ಉರಿ. ಮರಗಟ್ಟಿಸುವ ಕ್ರೀಮಿನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ, ತಣ್ಣನೆ ಗಾಳಿಯೇ ವಾಸಿ. ಫ್ಯಾನ್ ಹತ್ತಿರ ಇಡಿ ಅಂತ ದೀಪ ಹಾಕುವ ಮೊದಲೇ ಕೇಳಿ.