ಸುಗ್ಗಿಯ ಕಾಲದಲ್ಲಿ ಅಮೆರಿಕದ ಧಾನ್ಯ ರೈಲುಗಳ ಮೇಲೆ ನಿಗಾ ಇಡುವ ಬಗೆ

ಅಮೆರಿಕದ ಮಧ್ಯಭಾಗದಲ್ಲಿ ಮೆಕ್ಕೆಜೋಳ ಮತ್ತು ಸೋಯಾಬೀನ್ ಕಟಾವು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಭರದಿಂದ ಸಾಗುತ್ತದೆ. ಆ ದಿನಗಳಲ್ಲಿ ರೈಲು ಸಾಗಣೆಯನ್ನು ಗಮನಿಸುವ ಹೊಸಬರು ವಾರಕ್ಕೆ ಎಷ್ಟು ವ್ಯಾಗನ್ ತುಂಬಿದವು ಎಂಬ ಒಂದೇ ಲೆಕ್ಕವನ್ನು ಹಿಡಿದು ಕೂರುತ್ತಾರೆ. ಅದರಿಂದ ಹೊರಟುಹೋದ ಸರಕು ತಿಳಿಯುತ್ತದೆಯೇ ಹೊರತು, ವ್ಯಾಗನ್ ಬಾರದೆ ಗೋದಾಮಿನಲ್ಲೇ ಉಳಿದ ಸರಕು ತಿಳಿಯುವುದಿಲ್ಲ.

2013–14ರ ಚಳಿಗಾಲದಲ್ಲಿ ಉತ್ತರದ ರಾಜ್ಯಗಳ ಧಾನ್ಯ ಸಾಗಣೆ ವಿಪರೀತ ತಡವಾದ ಮೇಲೆ, ಅಲ್ಲಿನ ರೈಲು ಸಾಗಣೆಯ ನಿಯಂತ್ರಣ ಸಂಸ್ಥೆಯಾದ ಸರ್ಫೇಸ್ ಟ್ರಾನ್ಸ್‌ಪೋರ್ಟೇಶನ್ ಬೋರ್ಡ್ 2014ರ ಅಕ್ಟೋಬರ್‌ನಲ್ಲಿ ದೊಡ್ಡ ರೈಲು ಕಂಪನಿಗಳೆಲ್ಲ ಪ್ರತಿ ವಾರ ಸೇವಾ ವರದಿ ಸಲ್ಲಿಸಬೇಕೆಂದು ಆದೇಶಿಸಿತು. ಶನಿವಾರದಿಂದ ಶುಕ್ರವಾರದವರೆಗಿನ ಅಂಕಿಗಳು ಮುಂದಿನ ಬುಧವಾರ ಸಲ್ಲಿಕೆಯಾಗುತ್ತವೆ. ಮಾರನೆಯ ದಿನ ಕೃಷಿ ಇಲಾಖೆಯ ಧಾನ್ಯ ಸಾಗಣೆ ವರದಿ ಹೊರಬರುತ್ತದೆ. ಬೋರ್ಡಿನ ವರದಿಯಲ್ಲಿ ಮೊದಲು ಓದಬೇಕಾದದ್ದು, ಕೇಳಿದ ದಿನ ಕಳೆದರೂ ಪೂರೈಕೆಯಾಗದ ವ್ಯಾಗನ್ ಬೇಡಿಕೆಗಳ ರಾಜ್ಯವಾರು ಪಟ್ಟಿ.

ಆಮೇಲೆ ಸರಾಸರಿ ವೇಗ, ಯಾರ್ಡಿನಲ್ಲಿ (ವ್ಯಾಗನ್‌ಗಳನ್ನು ವಿಂಗಡಿಸಿ ಜೋಡಿಸುವ ತಾಣದಲ್ಲಿ) ನಿಲ್ಲುವ ಅವಧಿ, ರೈಲು ಜಾಲದಲ್ಲಿರುವ ಒಟ್ಟು ವ್ಯಾಗನ್‌ಗಳು, ಈ ಮೂರನ್ನೂ ಒಟ್ಟಿಗೆ ನೋಡಬೇಕು. ವ್ಯಾಗನ್‌ಗಳ ಸಂಖ್ಯೆ ಏರಿದ್ದನ್ನು ಕಂಡು ವ್ಯವಸ್ಥೆ ಚುರುಕಾಗಿದೆ ಎಂದು ಭಾವಿಸುವುದು ಸಾಮಾನ್ಯ ತಪ್ಪು. 110 ವ್ಯಾಗನ್‌ಗಳ ಒಂದು ಇಡೀ ಧಾನ್ಯ ರೈಲು ತಿಂಗಳಿಗೆ ಮೂರು ಬಾರಿ ಬಂದರಿಗೆ ಹೋಗಿ ಬರುತ್ತಿದ್ದರೆ 330 ವ್ಯಾಗನ್ ಸರಕು ತಲುಪುತ್ತದೆ. ಯಾರ್ಡುಗಳಲ್ಲಿ ಕಾಯುವಿಕೆ ಹೆಚ್ಚಿ ಆ ಸುತ್ತು ಎರಡಕ್ಕಿಳಿದರೆ ತಲುಪುವುದು 220 ಮಾತ್ರ. ಆ ಕೊರತೆ ತುಂಬಲು ಇನ್ನಷ್ಟು ವ್ಯಾಗನ್ ಇಳಿಸಿದರೆ, ಮೊದಲೇ ಕಿಕ್ಕಿರಿದ ಹಳಿಗಳು ಮತ್ತಷ್ಟು ನಿಧಾನವಾಗುತ್ತವೆ. ವೇಗ ಇಳಿದು, ನಿಲುಗಡೆ ಬೆಳೆದು, ವ್ಯಾಗನ್‌ಗಳೂ ಹೆಚ್ಚಿದ್ದರೆ ಅದು ದಟ್ಟಣೆಯ ಲಕ್ಷಣ. ದಾರಿಯಲ್ಲೇ ನಿಂತ ರೈಲುಗಳಿಗೆ ಸಿಬ್ಬಂದಿಯ ಕೊರತೆ ಕಾರಣವೋ ಎಂಜಿನ್ ಕೊರತೆಯೋ ಎಂಬುದೂ ಅದೇ ವರದಿಯಲ್ಲಿ ಸಿಗುತ್ತದೆ. ಹೊಸ ಸಿಬ್ಬಂದಿಯನ್ನು ತರಬೇತುಗೊಳಿಸಲು ತಿಂಗಳುಗಳೇ ಬೇಕಾಗುವುದರಿಂದ ನಾನು ಮೊದಲನೆಯದನ್ನೇ ಹೆಚ್ಚು ಗಂಭೀರವಾಗಿ ಪರಿಗಣಿಸುತ್ತೇನೆ.

ಹೋಲಿಕೆಗೆ ಹಿಂದಿನ ವಾರಕ್ಕಿಂತ ಹಿಂದಿನ ಮೂರು ವರ್ಷಗಳ ಅದೇ ವಾರದ ಸರಾಸರಿ ಉತ್ತಮ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯ ಇಳಿತವನ್ನು ಬಿಕ್ಕಟ್ಟೆಂದು ತಿಳಿಯುವ ಪ್ರಮಾದ ಆಗ ತಪ್ಪುತ್ತದೆ.

ಧಾನ್ಯ ದೋಣಿಗಳಲ್ಲೂ ಸಾಗುವ ಮಿಸಿಸಿಪ್ಪಿ ನದಿಯ ನೀರಿನ ಮಟ್ಟವನ್ನೂ ಇದರ ಜೊತೆಗೆ ಗುರುತು ಹಾಕಿಕೊಳ್ಳಿ. 2022ರ ಅಕ್ಟೋಬರ್‌ನಲ್ಲಿ ನೀರು ತಗ್ಗಿ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಬಾಡಿಗೆ ಗಗನಕ್ಕೇರಿತ್ತು; ಅಂಥ ವಾರಗಳಲ್ಲಿ ರೈಲಿನ ಬೇಡಿಕೆ ಹೆಚ್ಚಿದರೆ ಅದರ ಕಾರಣವನ್ನು ಹಳಿಗಳಿಗಿಂತ ಮೊದಲು ನದಿಯಲ್ಲಿ ಹುಡುಕಬೇಕು.